ಕಣ್ಣು ಕಾಣದ ಅಪ್ಪನಿಗೆ ಲೈವ್ ಮ್ಯಾಚ್ ಕೇಳಿಸಲು ಯಾವ ಆ್ಯಪ್ ಒಳ್ಳೆಯದು? ಮೈದಾನಕ್ಕೆ ಕರೆದುಕೊಂಡು ಹೋದರೂ ಕಾಣದವರು ಅಲ್ಲಿ ಏನು ಮಾಡ್ತಾರೆ?

ನಾನೂ ಇದೇ ಹುಡುಕಾಟದಲ್ಲಿದ್ದೆ. ನಮ್ಮಪ್ಪನಿಗೆ ಗ್ಲಾಕೋಮಾ. ಕಣ್ಣಿನ ನರವೇ ಹಾಳಾಗುವ ಕಾಯಿಲೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಆಡುತ್ತಿದ್ದ ಕಾಲದಿಂದಲೂ ಅಪ್ಪನಿಗೆ ಕ್ರಿಕೆಟ್ ಹುಚ್ಚು. ಅಂಥವರು ಟೀವಿ ಹಾಕಿದರೆ ಎದ್ದು ಹೋಗತೊಡಗಿದರು. ಟೀವಿ ಕಾಮೆಂಟರಿಯವರು ನಮಗೆ ಕಾಣುತ್ತಿದೆ ಅಂದುಕೊಂಡೇ ಮಾತಾಡುತ್ತಾರೆ, ಚೆಂಡು ಯಾವ ಕಡೆ ಹೋಯಿತು ಅಂತ ಹೇಳುವುದೇ ಕಡಿಮೆ.

ಅದಕ್ಕೆ ಫೋನಿಗೆ ಒಂದು ಆ್ಯಪ್ ಹಾಕಿ, ಇಯರ್‌ಫೋನ್ ಸಿಕ್ಕಿಸಿ, ಅಪ್ಪನನ್ನು ಜಗಲಿಯಲ್ಲಿ ಕೂರಿಸಿದೆ. ಅದೇ ತಪ್ಪಾಗಿದ್ದು. ಇಂಟರ್ನೆಟ್‌ನಲ್ಲಿ ದನಿ ನೇರವಾಗಿ ಬರುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಸರ್ವರ್‌ಗೆ ಕಳಿಸುತ್ತಾರೆ. ನಡುವೆ ಕಡಿಯದಿರಲಿ ಅಂತ ಫೋನು ಒಂದಷ್ಟು ತುಂಡು ಕೂಡಿಟ್ಟುಕೊಂಡು ಆಮೇಲೆ ಕೇಳಿಸುತ್ತದೆ. ಸಿಗ್ನಲ್ ಬಂದು ಹೋಗುವ ನಮ್ಮೂರಲ್ಲಿ ಅದು ಇನ್ನೂ ಹಿಂದೆ ಬೀಳುತ್ತದೆ. ಪಕ್ಕದ ಮನೆಯಲ್ಲಿ ಡಿಶ್ ಇತ್ತು. ಅಲ್ಲಿ ಹುಡುಗರು ಹೋ ಅಂತ ಕೂಗಿ ಸುಮ್ಮನಾದರೂ ಅಪ್ಪನ ಕಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದ. ಅರ್ಧ ನಿಮಿಷ ತಾನೆ, ಏನು ಮಹಾ ಅಂದುಕೊಂಡೆ. "ಎಲ್ಲರೂ ಉಂಡೆದ್ದ ಮೇಲೆ ನನಗೆ ಎಲೆ ಹಾಕ್ತೀಯಲ್ಲೋ ಮಾರಾಯ" ಅಂದರು. ಆ ಮಳೆಗಾಲವಿಡೀ ಆಟದ ಸುದ್ದಿಯೇ ಎತ್ತಲಿಲ್ಲ.

ಹಾಗಾಗಿ ಆ್ಯಪ್ ಬಿಡಿ. ಎಲ್ಲರಿಗೂ ಗೊತ್ತಾದಾಗಲೇ ಅವರಿಗೂ ಗೊತ್ತಾಗಬೇಕು. ಆಕಾಶವಾಣಿ ಪ್ರಸಾರ ಮಾಡುವ ಮ್ಯಾಚ್ ಆದರೆ ಟ್ರಾನ್ಸಿಸ್ಟರ್ ಕೊಡಿ. ಅದಕ್ಕಿಂತ ಒಳ್ಳೆಯದು, ಮೈದಾನಕ್ಕೇ ಕರೆದುಕೊಂಡು ಹೋಗಿ. "ಕಾಣದವರು ಅಲ್ಲಿ ಏನು ಮಾಡ್ತಾರೆ" ಅಂತ ಬರೆದಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. 2012ರಲ್ಲಿ ಅಂಧರ ಟಿ20 ವಿಶ್ವಕಪ್ ಗೆದ್ದ ತಂಡದ ಕ್ಯಾಪ್ಟನ್ ಶೇಖರ್ ನಾಯ್ಕ್ ನಮ್ಮ ಜಿಲ್ಲೆಯವರೇ. ಆ ಆಟದ ಚೆಂಡಿನೊಳಗೆ ಗುಂಡುಗಳಿರುತ್ತವೆ. ಗಲಗಲ ಸದ್ದು ಕೇಳಿಯೇ ಹೊಡೆಯುತ್ತಾರೆ. ಆಡುವವರಿಗೇ ಸಾಧ್ಯವಾದರೆ ಕೂತು ಕೇಳುವವರಿಗೆ ಆಗಲ್ವಾ?

ನಾವು ಮೊದಲು ಹೋಗಿದ್ದು ಊರಿನ ಹೊನಲು ಬೆಳಕಿನ ಕಬಡ್ಡಿಗೆ. ರೈಡರ್ ಒಂದೇ ಉಸಿರಲ್ಲಿ, ಅಂಪೈರ್‌ಗೆ ಕೇಳಿಸುವ ಹಾಗೆ "ಕಬಡ್ಡಿ ಕಬಡ್ಡಿ" ಅನ್ನುತ್ತಲೇ ಇರಬೇಕು, ಅದು ನಿಯಮ. ಆ ದನಿ ಎಡ ಮೂಲೆಗೆ ಹೋಯಿತು, ಈಗ ವಾಪಸ್ ಬರ್ತಿದೆ, ಅಗೋ ಹಿಡಿದರು ಅಂತ ಅಪ್ಪನೇ ನನಗೆ ಹೇಳತೊಡಗಿದರು! ಆಮೇಲೆ ಶಿವಮೊಗ್ಗದ ನವುಲೆ ಸ್ಟೇಡಿಯಂಗೆ, ರಣಜಿ ಕ್ರಿಕೆಟ್ ಪಂದ್ಯಕ್ಕೆ ಹೋದೆವು. ಜನ ಕಡಿಮೆ ಇದ್ದಿದ್ದರಿಂದ ಬ್ಯಾಟಿನ ಸದ್ದು ಸ್ಪಷ್ಟವಾಗಿತ್ತು. ನಡುಬ್ಯಾಟಿಗೆ ಬಿದ್ದರೆ ಒಂದು ಸದ್ದು, ಅಂಚು ತಾಗಿದರೆ ಇನ್ನೊಂದು. ಬೌಂಡರಿ ಪಕ್ಕ ಕೂತರೆ ಆ ಸದ್ದು ಬರಲು ಸೆಕೆಂಡಿನ ಐದನೇ ಒಂದು ಭಾಗ ಸಾಕು.

ಫೀಲ್ಡರ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ಅಂತ ಓವರ್ ಮಧ್ಯದ ಬಿಡುವಿನಲ್ಲಿ ಹೇಳಿ. ಬೌಲರ್ ಓಡಲು ಶುರು ಮಾಡಿದ ಮೇಲೆ ಮಾತು ನಿಲ್ಲಿಸಿ. ಡ್ರಮ್ ಬಡಿಯುವವರಿಂದ, ಧ್ವನಿವರ್ಧಕದಿಂದ ದೂರ ಜಾಗ ಹಿಡಿಯಿರಿ.