ಓದುಗರ ಪ್ರಶ್ನೆ: ತುರ್ಕ ಎಂದರೆ ಯಾರು?

ಪ್ರಶ್ನೆ: ಒಟ್ಟೋಮನ್ನರು ಆರು ಶತಮಾನ ಆಳಿದರು. ಆದರೂ ತುರ್ಕಿ ರಾಷ್ಟ್ರೀಯತೆ ಹುಟ್ಟಿದ್ದು 19ನೇ ಶತಮಾನದ ಕೊನೆಗೆ ಎನ್ನುತ್ತಾರೆ. ಅಷ್ಟು ತಡವೇಕೆ?

ಉತ್ತರ: ಆಳುವವರಿಗೆ ಅದು ಬೇಕಿರಲಿಲ್ಲ. ಇಸ್ತಾಂಬುಲ್‌ನ ಗಣ್ಯರು ತಮ್ಮನ್ನು ಒಟ್ಟೋಮನ್ ಎಂದೇ ಕರೆದುಕೊಳ್ಳುತ್ತಿದ್ದರು. ಅವರ ಬಾಯಲ್ಲಿ ‘ತುರ್ಕ’ ಎಂದರೆ ಅನಟೋಲಿಯದ (ಇಂದಿನ ತುರ್ಕಿಯ ಏಷ್ಯಾ ಭಾಗದ) ಹಳ್ಳಿಗುಗ್ಗು. ಹಾಗಾಗಿ ಈ ವಿಚಾರಕ್ಕೆ ಕಾವು ಸಿಕ್ಕಿದ್ದು ಹೊರಗೆ, ರಷ್ಯಾದ ಆಳ್ವಿಕೆಯಲ್ಲಿದ್ದ, ತುರ್ಕಿಗೆ ಹತ್ತಿರದ ಭಾಷೆಯಾಡುವ ಮುಸ್ಲಿಮರಾದ ತಾತಾರರ ನಡುವೆ. ಕ್ರಿಮಿಯದಲ್ಲಿ ಇಸ್ಮಾಯಿಲ್ ಗಾಸ್ಪ್ರಿನ್ಸ್ಕಿ 1883ರಲ್ಲಿ ‘ತೆರ್ಜುಮಾನ್’ ಪತ್ರಿಕೆ ಆರಂಭಿಸಿದರು. ವೋಲ್ಗಾ ದಂಡೆಯ ಸಿಂಬಿರ್ಸ್ಕ್‌ನಲ್ಲಿ ಹುಟ್ಟಿದ ಯೂಸುಫ್ ಅಕ್ಚುರಾ 1904ರಲ್ಲಿ, ಕೈರೋದ ಪತ್ರಿಕೆಯೊಂದರಲ್ಲಿ, ಸಾಮ್ರಾಜ್ಯದ ಮುಂದೆ ಮೂರು ದಾರಿಗಳಿವೆ ಎಂದು ಬರೆದರು: ಎಲ್ಲರನ್ನೂ ಒಟ್ಟೋಮನ್ ಪ್ರಜೆಗಳಾಗಿಸುವುದು, ಮುಸ್ಲಿಮರನ್ನು ಒಗ್ಗೂಡಿಸುವುದು, ತುರ್ಕರನ್ನು ಒಗ್ಗೂಡಿಸುವುದು.

ಮೊದಲೆರಡು ದಾರಿಗಳನ್ನು ಮುಚ್ಚಿದ್ದು ವಾದವಲ್ಲ, ಯುದ್ಧ. 1912–13ರ ಬಾಲ್ಕನ್ ಯುದ್ಧಗಳಲ್ಲಿ ಯುರೋಪಿನ ನೆಲ ಬಹುಪಾಲು ಕೈಬಿಟ್ಟಿತು. ಬಹುತೇಕ ಮುಸ್ಲಿಮರೇ ಇದ್ದ ಅಲ್ಬೇನಿಯ ಕೂಡ 1912ರಲ್ಲಿ ಸ್ವತಂತ್ರವಾಯಿತು. 1916ರಲ್ಲಿ ಮೆಕ್ಕಾದ ಆಡಳಿತ ನೋಡಿಕೊಳ್ಳುತ್ತಿದ್ದ ಶರೀಫರೇ ಒಟ್ಟೋಮನ್ನರ ವಿರುದ್ಧ ದಂಗೆಯೆದ್ದರು. ಉಳಿದದ್ದು ಮೂರನೆಯದು. ಅದಕ್ಕೆ ಸಿದ್ಧಾಂತದ ರೂಪ ಕೊಟ್ಟ ಜಿಯಾ ಗೋಕಾಲ್ಪ್, ಬೇರೆ ಭಾಷೆಯ ಜನಾಂಗವಾದ ಕುರ್ದರು ಹೆಚ್ಚಿರುವ ದಿಯಾರ್‌ಬಕಿರ್‌ನವರು. ರಾಷ್ಟ್ರವನ್ನು ಕಟ್ಟುವುದು ರಕ್ತವಲ್ಲ, ಬೆಳೆದ ಸಂಸ್ಕೃತಿ ಎಂಬುದು ಅವರ ನಿಲುವು.

ಪ್ರಶ್ನೆ: 1923ರಲ್ಲಿ ತುರ್ಕಿ ಗಣರಾಜ್ಯ ಬಂದ ಮೇಲೆ ಯಾರನ್ನು ತುರ್ಕ ಎಂದು ಲೆಕ್ಕ ಹಿಡಿದರು?

ಉತ್ತರ: ಗೊಂದಲದ ಬೇರು ಇಲ್ಲೇ ಇದೆ. ಧರ್ಮ, ಜನಾಂಗ ಯಾವುದಿದ್ದರೂ ಪೌರತ್ವದ ಲೆಕ್ಕದಲ್ಲಿ ಎಲ್ಲರೂ ತುರ್ಕರು ಎಂದಿತು 1924ರ ಸಂವಿಧಾನದ 88ನೇ ವಿಧಿ. ನಡೆದದ್ದು ಬೇರೆ. 1915ರಲ್ಲೇ ಅರ್ಮೇನಿಯನ್ನರನ್ನು ಗಡೀಪಾರು ಮಾಡಿ ಸಾಮೂಹಿಕವಾಗಿ ಕೊಲ್ಲಲಾಗಿತ್ತು. 1923ರಲ್ಲಿ ಗ್ರೀಸ್ ಜೊತೆ ಜನರ ವಿನಿಮಯವಾದಾಗ ಸುಮಾರು 12 ಲಕ್ಷ ಕ್ರೈಸ್ತರು ಅತ್ತ, 4 ಲಕ್ಷದಷ್ಟು ಮುಸ್ಲಿಮರು ಇತ್ತ ಸೇರಿದರು. ಅಳತೆಗೋಲು ಧರ್ಮ, ಭಾಷೆಯಲ್ಲ! ತುರ್ಕಿ ಭಾಷೆ ಬಿಟ್ಟು ಬೇರೆ ಬಾರದ ಕರಮಾನ್ಲಿ ಕ್ರೈಸ್ತರೂ ಹೊರಟರು. ಗ್ರೀಕ್ ಮಾತಾಡುವ ಕ್ರೀಟ್ ದ್ವೀಪದ ಮುಸ್ಲಿಮರು ‘ತುರ್ಕ’ರಾಗಿ ಬಂದಿಳಿದರು. 1942ರ ಸಂಪತ್ತು ತೆರಿಗೆಯಲ್ಲಿ ಮುಸ್ಲಿಮರಿಗೊಂದು, ಮುಸ್ಲಿಮೇತರರಿಗೊಂದು ಪಟ್ಟಿ. ಎರಡನೆಯವರ ಮೇಲೆ ಹಲವು ಪಟ್ಟು ಹೊರೆ ಬಿತ್ತು. ಕಟ್ಟಲಾಗದ ಮುಸ್ಲಿಮೇತರರನ್ನು ಅಶ್ಕಲೆಯ ಕೂಲಿ ಶಿಬಿರಕ್ಕೆ ಅಟ್ಟಿದರು.

ಕುರ್ದರದು ತದ್ವಿರುದ್ಧ ಪಾಡು. ಮುಸ್ಲಿಮರಾದ್ದರಿಂದ ಅವರು ತುರ್ಕರೇ, ಬೇರೆ ಗುರುತು ಕೇಳಬಾರದು! ಈಗ ಜಾರಿಯಲ್ಲಿರುವ 1982ರ ಸಂವಿಧಾನದ 66ನೇ ವಿಧಿಯೂ ಪ್ರತಿ ಪ್ರಜೆಯನ್ನು ತುರ್ಕ ಎನ್ನುತ್ತದೆ. ಅದನ್ನು ಸಮಾನತೆಯೆಂದು ಓದುವವರಿದ್ದಾರೆ, ಅಳಿಸುವಿಕೆಯೆಂದು ಓದುವವರೂ ಇದ್ದಾರೆ.

ಪ್ರಶ್ನೆ: ಲಿಪಿ ಬದಲಾಯಿಸಿದ್ದರಿಂದ ತೊಂದರೆ ಆಗಲಿಲ್ಲವೇ?

ಉತ್ತರ: ಲಿಪಿಗಿಂತ ಶಬ್ದ ಶುದ್ಧೀಕರಣದಿಂದ ಹೆಚ್ಚು ಆಯಿತು. 1928ರ ನವೆಂಬರ್ 1ರಂದು ಅರಬ್ಬಿ ಲಿಪಿಯ ಬದಲು 29 ಅಕ್ಷರಗಳ ಹೊಸ ಲ್ಯಾಟಿನ್ ಲಿಪಿಗೆ ಶಾಸನವಾಯಿತು. ಡಿಸೆಂಬರ್‌ನಿಂದ ಪತ್ರಿಕೆಗಳು, ಜನವರಿಯಿಂದ ಪುಸ್ತಕಗಳು ಅದರಲ್ಲೇ. 1932ರ ಬಳಿಕ ಅರಬ್ಬಿ, ಪಾರ್ಸಿ ಶಬ್ದಗಳನ್ನು ಹೆಕ್ಕಿ ತೆಗೆದರು. ಶಾಲೆಗಿದ್ದ ‘ಮೆಕ್ತೆಪ್’ ಹೋಗಿ ‘ಒಕುಲ್’ ಬಂತು. ಫಲ? ಗಣರಾಜ್ಯದ ಸ್ಥಾಪಕ ಅತಾತುರ್ಕ್ 1927ರಲ್ಲಿ ಆರು ದಿನ ಓದಿದ ಪ್ರಸಿದ್ಧ ಭಾಷಣವನ್ನು ಮುಂದಿನ ತಲೆಮಾರುಗಳಿಗಾಗಿ ಸರಳ ತುರ್ಕಿಗೆ ‘ಅನುವಾದ’ ಮಾಡಬೇಕಾಯಿತು.

ಪ್ರಶ್ನೆ: ಇಂದಿನ ರಾಜಕೀಯದಲ್ಲಿ ತುರ್ಕಿ ರಾಷ್ಟ್ರೀಯತೆಯ ತೂಕವೆಷ್ಟು?

ಉತ್ತರ: ಮತಗಳಿಕೆಗಿಂತ ಹೆಚ್ಚು. 2023ರ ಚುನಾವಣೆಯಲ್ಲಿ 600 ಸ್ಥಾನಗಳ ಸಂಸತ್ತಿನಲ್ಲಿ ಅಧ್ಯಕ್ಷ ಎರ್ದೊಗಾನ್ ಪಕ್ಷ ಗೆದ್ದದ್ದು 268. ಅಲ್ಪಾರ್ಸ್ಲಾನ್ ತುರ್ಕೇಶ್ ಕಟ್ಟಿದ, ಈಗ ದೇವ್ಲೆತ್ ಬಹ್ಚೆಲಿ ನಡೆಸುವ ರಾಷ್ಟ್ರೀಯವಾದಿ ಪಕ್ಷದ 50 ಸೇರಿದರೇ ಬಹುಮತ.

ಗಡಿಯಾಚೆಗೆ ಹೋದರೆ ಸ್ವರ ತಗ್ಗುತ್ತದೆ. 2009ರಲ್ಲಿ ಹುಟ್ಟಿ 2021ರಲ್ಲಿ ಹೆಸರು ಬದಲಿಸಿಕೊಂಡ ತುರ್ಕಿಕ್ (ತುರ್ಕಿಯ ಬಂಧು ಭಾಷೆಗಳ) ರಾಷ್ಟ್ರಗಳ ಸಂಘಟನೆಯಲ್ಲಿ ತುರ್ಕಿಯೊಂದಿಗೆ ಅಜರ್‌ಬೈಜಾನ್, ಕಜಕಿಸ್ತಾನ್, ಕಿರ್ಗಿಸ್ತಾನ್, ಉಜ್ಬೆಕಿಸ್ತಾನ್ ಪೂರ್ಣ ಸದಸ್ಯರು. ವ್ಯಾಪಾರ, ಸಾಗಣೆ, ಸಮಾನ ಅಕ್ಷರಮಾಲೆಯ ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ಆದರೆ ತುರ್ಕಿ ಭಾಷಿಕರ ಉತ್ತರ ಸೈಪ್ರಸ್ಸನ್ನು ಸ್ವತಂತ್ರ ದೇಶವೆಂದು ಮಾನ್ಯ ಮಾಡಿರುವುದು ಇವರಲ್ಲಿ ತುರ್ಕಿ ಒಂದೇ.