ಪ್ರೊಒರಿಝೋ ಹಣೆಬರಹ ಅಲ್ಲ: ಆರು ವಚನ ಕೈಯಾರೆ ಬರೆದು ನೋಡಿ

ಹೊಸ ಒಡಂಬಡಿಕೆಯ ಗ್ರೀಕ್ ಕ್ರಿಯಾಪದ ಪ್ರೊಒರಿಝೋ (ಮೊದಲೇ ಗೊತ್ತುಮಾಡು) ಅಂದರೆ ಹಣೆಬರಹ, ‘ಹೊರೈಜನ್’ ಕೂಡ ಅದೇ ಬೇರಿನ ಪದ, ಆದ್ದರಿಂದ ದೇವರು ದಿಗಂತದಾಚೆಗೆ ಕಣ್ಣು ಹಾಯಿಸಿ ಎಲ್ಲರ ಬಾಳನ್ನೂ ಮೊದಲೇ ನೋಡಿಟ್ಟಿದ್ದಾನೆ ಅಂತ ನಮ್ಮ ಗುಂಪಿನ ಮೇಲಿನ ಪೋಸ್ಟಿನಲ್ಲಿ ಬರೆದಿದ್ದೀರಿ. ಕೆಳಗೆ ಸಾಲಾಗಿ ಆಮೆನ್ ಬಿದ್ದಿವೆ. ಇದನ್ನೇ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಹೇಳಿ ನಾನು ಒಬ್ಬ ತಾಯಿಯ ಮನಸ್ಸು ನೋಯಿಸಿದ್ದೇನೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ದಿಗಂತದ ಮಾತು ಮೊದಲು ಮುಗಿಸಿಬಿಡೋಣ. ಬೇರು ಹೊರೊಸ್, ಅಂದರೆ ಎಲ್ಲೆ, ಗಡಿಗಲ್ಲು. ಹೊರಿಝೋ ಅಂದರೆ ಎಲ್ಲೆ ಹಾಕು. ಅದಕ್ಕೆ ಪ್ರೊ, ಅಂದರೆ ‘ಮೊದಲೇ’, ಸೇರಿದರೆ ಪ್ರೊಒರಿಝೋ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟಿನಲ್ಲಿ ಅರಣ್ಯಕಾಂಡ 34:6 ತೆಗೆಯಿರಿ, ಮಹಾಸಮುದ್ರವೇ ಪಶ್ಚಿಮದ ಗಡಿ ಅನ್ನುವಲ್ಲಿ ಇದೇ ಕ್ರಿಯಾಪದ. ದಿಗಂತಕ್ಕೆ ಆ ಹೆಸರು ಬಂದದ್ದೂ ಅದು ನೋಟಕ್ಕೆ ಎಲ್ಲೆ ಕಟ್ಟುವ ವೃತ್ತ ಅನ್ನುವ ಕಾರಣಕ್ಕೆ. ಅಲ್ಲಿ ‘ನೋಡು’ ಇಲ್ಲವೇ ಇಲ್ಲ. ನೋಡು ಅನ್ನುವ ಧಾತು ಹೊರಾಓ, ಅದಕ್ಕೆ ಪ್ರೊ ಸೇರಿದರೆ ಪ್ರೊಒರಾಓ. ಕಿವಿಗೆ ಒಂದೇ ಥರ ಕೇಳುತ್ತೆ, ಪದ ಬೇರೆ. ಅಪೊಸ್ತಲರ ಕೃತ್ಯಗಳು 21:29ರಲ್ಲಿ ತ್ರೊಫಿಮನನ್ನು ಜನ ಪೌಲನ ಜೊತೆ ಪೇಟೆಯಲ್ಲಿ ಈ ಮುಂಚೆ ನೋಡಿದ್ದರು ಅನ್ನೋದು ಆ ಪದ. ಇವೆರಡನ್ನು ಬೆರೆಸಬೇಡಿ. ಒರೊಸ್ ಅಂತ ಹಕಾರ ಬಿಟ್ಟರೆ ಬೆಟ್ಟ ಆಗುತ್ತೆ, ಅದೂ ಗಮನದಲ್ಲಿರಲಿ.

ಈಗ ಕನ್ನಡದವರಿಗೇ ಇರುವ ಒಂದು ಗುಂಡಿ. ನಮ್ಮಲ್ಲಿ ‘ಗೊತ್ತು’ ಎರಡು ಕೆಲಸ ಮಾಡುತ್ತೆ. ‘ನನಗೆ ಮೊದಲೇ ಗೊತ್ತಿತ್ತು’ ಅಂದರೆ ತಿಳಿದಿತ್ತು, ‘ಮದುವೆ ದಿನ ಮೊದಲೇ ಗೊತ್ತು ಮಾಡಿದ್ದರು’ ಅಂದರೆ ನಿಶ್ಚಯಿಸಿದ್ದರು. ಗ್ರೀಕಿನಲ್ಲಿ ಇವು ಎರಡು ಬೇರೆ ಕ್ರಿಯಾಪದಗಳು. ಮೊದಲನೆಯದು ಪ್ರೊಗಿನೋಸ್ಕೋ, ಎರಡನೆಯದು ಪ್ರೊಒರಿಝೋ. ರೋಮಾಪುರದವರಿಗೆ 8:29ರಲ್ಲಿ ಪೌಲ ಎರಡನ್ನೂ ಒತ್ತಟ್ಟಿಗೆ ಇಟ್ಟಿದ್ದಾನೆ: ಯಾರನ್ನು ಮೊದಲೇ ಅರಿತನೋ ಅವರನ್ನೇ ಮೊದಲೇ ಗೊತ್ತುಮಾಡಿದನು. ಒಂದನ್ನು ಇನ್ನೊಂದರೊಳಗೆ ಕರಗಿಸಿಬಿಟ್ಟರೆ ವಾಕ್ಯದ ಅರ್ಧ ಹೋಯಿತು. ಹೊರಿಝೋ ದಿನಬಳಕೆಯಲ್ಲಿ ಹೇಗಿತ್ತು ಅನ್ನೋದಕ್ಕೆ ಕೃತ್ಯಗಳು 11:29 ನೋಡಿ: ಅಂತಿಯೋಕ್ಯದ ಶಿಷ್ಯರು ಯೂದಾಯದವರಿಗೆ ನೆರವು ಕಳಿಸೋದೆಂದು ಗೊತ್ತುಮಾಡಿಕೊಂಡರು. ಇಬ್ರಿಯರಿಗೆ 4:7ರಲ್ಲಿ ಒಂದು ದಿನವನ್ನು ಗೊತ್ತುಮಾಡೋದೂ ಅದೇ. ‘ನೇಮಿಸು’ ಅಂತ ಬೈಬಲಿನಲ್ಲಿ ಓದಿ ನಮಗೆ ಅಭ್ಯಾಸ, ಅದು ತಪ್ಪಲ್ಲ. ಆದರೆ ನನ್ನ ಕಿವಿಗೆ ‘ಗೊತ್ತುಮಾಡು’ ಹೆಚ್ಚು ಹತ್ತಿರ, ಆ ಗುಂಡಿಯ ಎಚ್ಚರ ಇಟ್ಟುಕೊಂಡರೆ.

ನನ್ನ ತಪ್ಪಿನ ಕಥೆ. ಹನ್ನೆರಡು ವರ್ಷದ ಹಿಂದೆ, ಒಂದು ಮನೆಕೂಟ. ನನಗೆ ಆಗಷ್ಟೇ ಗ್ರೀಕ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಎಫೆಸದವರಿಗೆ ಮೊದಲ ಅಧ್ಯಾಯ ಹಿಡಿದು, ಜನಕ್ಕೆ ಸುಲಭವಾಗಲಿ ಅಂತ, ‘ಇದು ನಮ್ಮ ಹಣೆಬರಹ ಇದ್ದ ಹಾಗೆ, ಬರೆದವನು ಮಾತ್ರ ನಮ್ಮ ದೇವರು’ ಅಂದೆ. ಹಿಂದಿನ ವರ್ಷ ಬೈಕ್ ಅಪಘಾತದಲ್ಲಿ ಮಗನನ್ನು ಕಳೆದುಕೊಂಡಿದ್ದ ಒಬ್ಬ ತಾಯಿ ಗೋಡೆಗೆ ಒರಗಿ ಕೂತಿದ್ದರು. ‘ಹಂಗಾದ್ರೆ ನನ್ನ ಮಗಂದೂ ಆವತ್ತೇ ಬರೆದಿಟ್ಟಿದ್ದಾ?’ ಅಂದರು. ನಾನು ಹೌದು ಅಂದೆ. ಗ್ರೀಕ್ ಪದವೇ ಹಾಗಿದೆ ಅಂತಲೂ ಸೇರಿಸಿದೆ. ಆಮೇಲೆ ಅವರು ಕೂಟಕ್ಕೆ ಬರಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಕೂತು ಈ ಪದ ಬರುವ ಕಡೆಗಳನ್ನೆಲ್ಲ ಬರೆದೆ. ಹೊಸ ಒಡಂಬಡಿಕೆಯಲ್ಲಿ ಬರೀ ಆರು ಸಲ. ಸೆಪ್ಟುಅಜಿಂಟಿನಲ್ಲಿ ಒಂದು ಸಲವೂ ಇಲ್ಲ. ಆರರಲ್ಲಿ ಒಂದೂ ಯಾರಾದರೂ ಯಾವತ್ತು ಹೇಗೆ ಸಾಯುತ್ತಾರೆ ಅನ್ನುವುದರ ಬಗ್ಗೆ ಇಲ್ಲ. ಅವರ ಮನೆಗೆ ಹೋಗಿ, ಪದದ ಹೆಸರಿನಲ್ಲಿ ಪದ ಹೇಳದ್ದನ್ನು ಹೇಳಿದೆ ಅಂತ ಒಪ್ಪಿಕೊಂಡೆ. ಅವರು ಕೇಳಿಸಿಕೊಂಡರು, ಏನೂ ಅನ್ನಲಿಲ್ಲ.

ಆವತ್ತಿಂದ ನನ್ನ ವಿಧಾನ ಒಂದೇ: ನೋಟ್‌ಬುಕ್ ಅಡ್ಡ ಹಿಡಿದು ನಾಲ್ಕು ಕಾಲಂ. ಯಾರು ಗೊತ್ತುಮಾಡಿದ್ದು, ಕ್ರಿಯಾರೂಪ ಯಾವುದು, ಯಾರನ್ನು ಅಥವಾ ಏನನ್ನು, ಯಾತಕ್ಕೆ. ನಾಲ್ಕನೆಯ ಕಾಲಂ ಬಿಡಬೇಡಿ, ಜೀವ ಇರೋದು ಅಲ್ಲಿ. ಕೃತ್ಯಗಳು 4:28ರಲ್ಲಿ ಗೊತ್ತಾದದ್ದು ಒಂದು ಘಟನೆ, ಹೆರೋದ ಪಿಲಾತರು ಯೇಸುವಿಗೆ ಮಾಡಿದ್ದು. 1 ಕೊರಿಂಥ 2:7ರಲ್ಲಿ ಗೊತ್ತಾದದ್ದು ಜ್ಞಾನ, ಯುಗಗಳಿಗೂ ಮೊದಲೇ, ನಮ್ಮ ಮಹಿಮೆಗಾಗಿ. ರೋಮಾ 8:29ರಲ್ಲಿ ಜನ, ಮಗನ ರೂಪಕ್ಕೆ ಸರಿಹೊಂದಲಿ ಅಂತ. ಎಫೆಸ 1:5ರಲ್ಲಿ ‘ನಮ್ಮನ್ನು’, ದತ್ತು ಮಕ್ಕಳಾಗಲಿಕ್ಕೆ. ರೋಮಾ 8:30ರಲ್ಲಿ ಪದ ‘ಗೊತ್ತುಮಾಡಿದವರನ್ನು ಕರೆದನು, ಕರೆದವರನ್ನು ನೀತಿವಂತರೆಂದನು’ ಅನ್ನುವ ಸರಪಳಿಯ ಕೊಂಡಿ, ಎಫೆಸ 1:11ರಲ್ಲಿ ಕರ್ಮಣಿ ರೂಪ. ಹಣೆಬರಹ ಹುಟ್ಟಿದ ಮಗುವಿನ ಹಣೆಯ ಮೇಲಿನ ಬರಹ, ಅದಕ್ಕೆ ‘ಯಾತಕ್ಕೆ’ ಅಂತ ಕೇಳೋ ಹಾಗಿಲ್ಲ. ಇಲ್ಲಿ ಬರಹ ಇಲ್ಲ, ತಲುಪಬೇಕಾದ ಜಾಗ ಇದೆ. ವಿಧಿಗೆ ಗ್ರೀಕರಲ್ಲಿ ಬೇರೆ ಪದಗಳಿದ್ದವು, ಮೊಯ್ರ, ಸ್ತೋಯಿಕರೆಂಬ ತತ್ವಜ್ಞಾನಿಗಳ ಹೆಯ್ಮರ್ಮೆನೇ. ಎರಡೂ ಹೊಸ ಒಡಂಬಡಿಕೆಯಲ್ಲಿ ಇಲ್ಲ.

ಇಷ್ಟು ಹೇಳಿದ್ದಕ್ಕೆ ಆ ಕಡೆಗೆ ಓಡಬೇಡಿ. ‘ಹಾಗಾದರೆ ಗೊತ್ತಾದದ್ದು ಯೋಜನೆ ಮಾತ್ರ, ವ್ಯಕ್ತಿಗಳಲ್ಲ’ ಅಂತ ಈ ಗುಂಪಿನಲ್ಲೇ ಒಬ್ಬರು ವಾದಿಸಿದ್ದರು. ಆರರಲ್ಲಿ ನಾಲ್ಕು ಕಡೆ ವ್ಯಕ್ತಿಗಳೇ ಇದ್ದಾರೆ, ಎಣಿಸಿ. ಎಲ್ಲವನ್ನೂ ತನ್ನ ಸಂಕಲ್ಪದಂತೆ ನಡೆಸುವವನು ಅನ್ನುವ ಮಾತು ಎಫೆಸ 1:11ರಲ್ಲೇ ಇದೆ, ಆದರೆ ಆ ‘ನಡೆಸು’ ಅನ್ನುವುದಕ್ಕಿರುವ ಕ್ರಿಯಾಪದ ಬೇರೆ. ಅದನ್ನು ಅದರ ಜಾಗದಲ್ಲೇ ಓದಿ. ನಾಶಕ್ಕಾಗಿ ಗೊತ್ತುಮಾಡಿದ ಅಂತ ಈ ಪದ ಎಲ್ಲೂ ಬರುವುದಿಲ್ಲ, ರೋಮಾ 9:22ರ ಪದವೂ ಬೇರೆ. ದೇವರು ಯಾರನ್ನು ಹೇಗೆ ಮೊದಲೇ ಆರಿಸಿದ ಅನ್ನುವ ಬಗ್ಗೆ ಸಭಾಪಿತೃ ಆಗಸ್ಟೀನನಿಂದ ಹಿಡಿದು 1618–19ರಲ್ಲಿ ಹಾಲೆಂಡಿನಲ್ಲಿ ಸೇರಿದ ಡಾರ್ಟ್ ಚರ್ಚ್ ಸಭೆಯವರೆಗೆ ನಡೆದ ಜಗಳ ದೊಡ್ಡದು. ಅದನ್ನು ಒಂದು ಕ್ರಿಯಾಪದದ ಬೇರು ಅಗೆದು ತೀರ್ಮಾನ ಮಾಡಲಾಗದು.

ಯಾವ ನಿಘಂಟು ನೋಡಬೇಕು ಅಂತಲೂ ಕೇಳಿದ್ದೀರಿ. ಮೊಬೈಲಿನಲ್ಲಿ ಸ್ಟ್ರಾಂಗ್ ಪದಸೂಚಿ ತೆರೆದು ಈ ಪದದ ನಂಬರ್ 4309 ಒತ್ತಿ ಬಂದ ಎರಡು ಸಾಲನ್ನು ‘ಮೂಲಾರ್ಥ’ ಅಂತ ಹಂಚೋದನ್ನು ದಯವಿಟ್ಟು ನಿಲ್ಲಿಸಿ. ಅದು 1890ರ ಪದಸೂಚಿ, ವಚನ ಹುಡುಕಲಿಕ್ಕೆ ಬಹಳ ಒಳ್ಳೆಯದು, ಅರ್ಥ ತೀರ್ಮಾನಿಸಲಿಕ್ಕಲ್ಲ. ಹೊಸ ಒಡಂಬಡಿಕೆಯ ಗ್ರೀಕಿಗಿರುವ ಬಾವರ್ ನಿಘಂಟು ದುಬಾರಿ, ಆದರೂ ಇಬ್ಬರು ಮೂವರು ಸೇರಿ ಒಂದು ಕೊಳ್ಳಿ, 2000ದ ಇಂಗ್ಲಿಷ್ ಮೂರನೇ ಆವೃತ್ತಿ. ಕಿಟ್ಟೆಲ್ ಸಂಪಾದಿಸಿದ ದೇವತಾಶಾಸ್ತ್ರೀಯ ಪದಕೋಶದ ಸಂಪುಟಗಳು ಯಾರದ್ದಾದರೂ ಕಪಾಟಿನಲ್ಲಿದ್ದರೆ ಎಚ್ಚರದಿಂದ ಬಳಸಿ. ಬೇರಿನಿಂದ ದೇವತಾಶಾಸ್ತ್ರ ಹಿಂಡುವ ಅಭ್ಯಾಸವನ್ನು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1961ರಲ್ಲೇ ಖಂಡಿಸಿದ್ದು ಆ ಸಂಪುಟಗಳನ್ನು ಮುಂದಿಟ್ಟುಕೊಂಡೇ. (ಅದು ಗೆರ್ಹಾರ್ಡ್ ಕಿಟ್ಟೆಲ್, ನಮ್ಮ 1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ ಅಲ್ಲ. ಹೋದ ತಿಂಗಳು ಇಲ್ಲಿ ಇಬ್ಬರನ್ನೂ ಒಬ್ಬರೇ ಮಾಡಿದ್ದರು.) ಲ್ಯಾಟಿನ್ ಮೂಲಕವೂ ಹೋಗಬೇಡಿ. ರೋಮಾ 1:4ರಲ್ಲಿ ಗ್ರೀಕಿನಲ್ಲಿ ಬರೀ ಹೊರಿಝೋ ಇದೆ, ಪ್ರೊ ಇಲ್ಲ, ಲ್ಯಾಟಿನ್ ಬೈಬಲ್ ವಲ್ಗೇಟ್ ಮಾತ್ರ ಪ್ರೇದೆಸ್ತಿನಾತುಸ್ ಅಂತ ‘ಮೊದಲೇ’ಯನ್ನು ಸೇರಿಸಿಬಿಟ್ಟಿದೆ.

ಇನ್ನೊಂದು. ಗ್ರೀಕನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಡಿ, ಕನ್ನಡದಲ್ಲೇ ಬರೆಯಿರಿ. ಒಮಿಕ್ರಾನಿಗೆ ಒ, ಒಮೆಗಾಕ್ಕೆ ಓ, ಎಪ್ಸಿಲಾನಿಗೆ ಎ, ಈಟಾಕ್ಕೆ ಏ, ಎಲ್ಲ ನಮ್ಮಲ್ಲಿ ತಯಾರಾಗಿದೆ. ಪ್ರೊಒರಿಝೋ ಭೂತಕಾಲದಲ್ಲಿ ಪ್ರೊಓರಿಸೆನ್ ಆಗುತ್ತೆ. ನಡುವಿನ ಒ ದೀರ್ಘವಾದದ್ದೇ ಭೂತಕಾಲದ ಗುರುತು. ಗ್ರೀಕಿನಲ್ಲಿ ಭೂತಕಾಲಕ್ಕೆ ಸಾಮಾನ್ಯವಾಗಿ ಸೇರುವ ಎ-ಯನ್ನು ಪ್ರೊ ಆದಮೇಲೆ ಹುಡುಕಿ ಸಿಗದೆ ಒದ್ದಾಡುವವರೆಲ್ಲ ಹೀಗೊಮ್ಮೆ ಬರೆದು ನೋಡಿ, ಕಣ್ಣಿಗೆ ಹೊಡೆಯುತ್ತೆ.

ಆರು ಮುಗಿದ ಮೇಲೆ ರೋಮಾ 1:1ರ ಅಫೋರಿಸ್ಮೆನೊಸ್ ಎತ್ತಿಕೊಳ್ಳಿ, ಅದೇ ಎಲ್ಲೆಯ ಬೇರು, ಅಲ್ಲಿ ಪೌಲ ತನ್ನನ್ನು ‘ಗಡಿ ಹಾಕಿ ಬೇರೆಯಿಡಲ್ಪಟ್ಟವನು’ ಅಂತ ಕರೆದುಕೊಳ್ಳುತ್ತಾನೆ. ನಿಮ್ಮ ನಾಲ್ಕು ಕಾಲಂ ಬರೆದು ಫೋಟೋ ಹಾಕಿ, ರಾತ್ರಿ ಕೂತು ನೋಡುತ್ತೇನೆ. ಅಲ್ಲಿಯವರೆಗೆ ಮೇಲಿನ ಪೋಸ್ಟಿನಿಂದ ಆ ‘ಹಣೆಬರಹ’ವನ್ನು ತೆಗೆದುಬಿಡಿ.