ಅಪ್ಪನಿಗೆ ಯಾವ ಕಿವಿ ಮಿಷನ್?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ ಗದ್ದಲದಲ್ಲಿ ಅಪ್ಪನಿಗೆ ಮಾತು ತಿಳಿಯಲ್ಲ, ಕಿವಿಯೊಳಗೆ ಕಾಣದಂತೆ ಕೂರುವ ಮಿಷನ್ ಕೊಡಿಸಲಾ ಅಂತ ಕೇಳಿದ್ದೀರಿ. ಬೇಡ ಸರ್. ನಮ್ಮಮ್ಮನಿಗೆ ಅದನ್ನೇ ಕೊಡಿಸಿದ್ದೆ. ಅವರೆಕಾಳಿಗಿಂತ ಚಿಕ್ಕ ಸೆಲ್ಲು, ನಡುಗುವ ಬೆರಳಿಗೆ ಸಿಗದೆ ಪ್ರತಿ ವಾರ ಮಂಚದ ಕೆಳಗೆ ಹುಡುಕುತ್ತಿದ್ದರು, ಪಾಪ.

ಮೊದಲು ಎರಡೂ ಕಿವಿಗೆ ಆಡಿಯೋಗ್ರಾಂ, ಅಂದ್ರೆ ಎಷ್ಟು ಕೇಳಿಸುತ್ತೆ ಅನ್ನೋ ಪರೀಕ್ಷೆ, ಮಾಡಿಸಿ. ಕೇಳುವ ಶಕ್ತಿಯ ನಷ್ಟ 70 ಡೆಸಿಬಲ್ ದಾಟಿದ್ದರೆ ಒಳಗೆ ಕೂರುವ ಚಿಕ್ಕದು ಸಾಲೋದು ಕಷ್ಟ. ಕಿವಿಯ ಹಿಂದೆ ಕೂರುವ, ಎರಡು ಮೈಕ್ ಇರುವ ಚಾರ್ಜಿಂಗ್ ಮಾಡೆಲ್ ನೋಡಿ. ಎದುರಿಗಿರುವವರ ಮಾತು ಹಿಡಿದು ಹಿಂದಿನ ಸದ್ದು ತಗ್ಗಿಸುತ್ತೆ, ಪೂರ್ತಿ ಅಳಿಸಲ್ಲ. ಚಾನೆಲ್ (ಸದ್ದನ್ನು ಸ್ವರವಾರು ಬೇರೆ ಬೇರೆ ಹೊಂದಿಸುವ ಭಾಗಗಳು) ಜಾಸ್ತಿ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಟ್ರಯಲ್ ಕೊಡ್ತಾರಾ, ಆಮೇಲೆ ಟ್ಯೂನಿಂಗ್‌ಗೆ ಎಷ್ಟು ಸಲ ನೋಡ್ತಾರೆ, ಇದನ್ನು ಕೇಳಿ. ಟ್ರಯಲ್ ಸಿಕ್ಕರೆ ಮಾರ್ಕೆಟ್‌ಗೇ ಹಾಕಿಕೊಂಡು ಹೋಗಲಿ.